ಎಲ್ಲೆಕಲ್ಲಿನ ಸಾಕ್ಷಿ

ಬಾಂದುಕಲ್ಲು ಎಂದರೇನೆಂಬದನ್ನು ಒಕ್ಕಲುತನ ಮಾಡುವ ನಮ್ಮ ವಾಚಕರಿಗೆ ಹೇಳಿಕೊಡುವ ಅವಶ್ಯವಿಲ್ಲ. ಅದು ಮಾತಾಡುವದಿಲ್ಲ, ನಡೆಯುವದಿಲ್ಲ, ಒಂದು ಸೇರು ಜೋಳವನ್ನಾದರೂ ಬೆಳೆಯುವದಿಲ್ಲ. ಆದರೂ ಅಣ್ಣತಮ್ಮಂದಿರ ಹೊಲಗಳ ನಡುವೆ ಅದು ನೆಟ್ಟಗೆ ನಿಂತಿರುವ ತನಕ ಎರಡು ಮನೆಗಳಲ್ಲಿಯೂ ಸಮಾಧಾನವಿರುವದು. ಅದು ಒಂದು ಮೊಳ ಸರಿದ ದಿನವೇ ಇಬ್ಬರೂ ಕಚೇರಿಯ ದಾರಿ ಹಿಡಿಯುವರು. ಆದದರಿಂದಲೇ ಮೋಶೆಯ ಧರ್ಮಶಾಸ್ತ್ರದಲ್ಲಿ ನೆರೆಯವನ ಗಡಿಕಲ್ಲನ್ನು ಸರಿಸುವವನು ಶಾಪಕ್ಕೆ ಗುರಿಯಾದವನೆಂದು ಎಣಿಸಲ್ಪಟ್ಟಿದ್ದಾನೆ. ಜ್ಞಾನೋಕ್ತಿಗಳಲ್ಲಿಯೂ ಹಿರಿಯರು ನೆಟ್ಟ ಮೇರೆಯನ್ನು ಮುಟ್ಟಬಾರದೆಂಬ, ವಿಶೇಷವಾಗಿ ದಿಕ್ಕಿಲ್ಲದ ಮಕ್ಕಳ ಹೊಲವನ್ನು ಒತ್ತಬಾರದೆಂಬ ಎಚ್ಚರಿಕೆ ಇದೆ. ಇಷ್ಟರ ಮಟ್ಟಿಗೆ ಯಾರಿಗೂ ಸಂದೇಹವಿಲ್ಲ.

ಆದರೆ ನೆಟ್ಟವರೇ ಅನ್ಯಾಯಗಾರರಾಗಿದ್ದರೆ ಆ ಕಲ್ಲನ್ನು ಏನು ಮಾಡಬೇಕು? ಈ ಪ್ರಶ್ನೆಯು ನಮಗೆ ಪುಸ್ತಕದಿಂದ ಬಂದದ್ದಲ್ಲ. ಉಪದೇಶಿಯ ಕೆಲಸದಲ್ಲಿ ನಾವು ಹೋಗಿಬರುವ ಒಂದು ಹಳ್ಳಿಯಿಂದ ಬಂತು. ಅಲ್ಲಿ ಊರಿಗೂ ಕೇರಿಗೂ ನಡುವಣ ದಾರಿಯ ಮಗ್ಗುಲಲ್ಲಿ ಸೊಂಟದೆತ್ತರದ ಒಂದು ಹಳೇ ಕಲ್ಲಿದೆ. ನಮ್ಮ ಸಭಿಕರ ಅಜ್ಜಮುತ್ತಜ್ಜಂದಿರು ಊರೊಳಗೆ ಕಾಲಿಡುವ ಮೊದಲು ಆ ಕಲ್ಲಿನ ಬಳಿಯಲ್ಲಿ ಕೆರವನ್ನು ಕಳಚಿ ಕೈಯಲ್ಲಿ ಹಿಡಿದುಕೊಳ್ಳಬೇಕಾಗಿತ್ತು. ಈಗ ಹಾಗೆ ಕಳಚುವವರು ಯಾರೂ ಇಲ್ಲ. ದಾರಿಯನ್ನು ಅಗಲಮಾಡುವ ಮಾತು ಬಂದಾಗ ಊರಿನ ಕೆಲವು ಹಿರಿಯರು, ಇದು ಪುರಾತನದ ಊರಗಡಿ, ಸುತ್ತಲೂ ಕಟ್ಟೆ ಕಟ್ಟಿಸಿ ಕಾಪಾಡೋಣ ಎಂದರು. ನಮ್ಮ ಯೌವನಸ್ಥರು, ಸುತ್ತಿಗೆಯನ್ನು ಕೊಡಿರಿ, ಇಂದೇ ಪುಡಿಮಾಡುತ್ತೇವೆ ಎಂದರು. ಎರಡು ಕಡೆಯವರೂ ನಮ್ಮ ಅಭಿಪ್ರಾಯವನ್ನು ಕೇಳಿದರು. ನಾವು ಹೆಚ್ಚು ಯೋಚಿಸದೆ, "ಒಡೆದುಬಿಡಿರಿ, ಅವಮಾನದ ಕಲ್ಲಿಗೆ ಕಟ್ಟೆ ಯಾಕೆ?" ಎಂದು ಹೇಳಿಬಿಟ್ಟೆವು.

ಆಗ ಜಗಲಿಯ ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕಿಯು, "ಅಯ್ಯನವರೇ, ನನ್ನಪ್ಪ ಅಲ್ಲಿ ಕೆರ ಬಿಚ್ಚಿದ್ದನ್ನ ಈ ಕಣ್ಣಿಂದ ಕಂಡಿದ್ದೀನಿ. ಆ ಕಲ್ಲನ್ನ ಒಡೆದುಹಾಕಿದರೆ, ಅಂಥಾದ್ದು ನಡೆದೇ ಇಲ್ಲ ಅಂತ ನಾಳೆ ಇವರ ಮಕ್ಕಳು ಅಂತಾರೆ. ಆಗ ಯಾರನ್ನ ಸಾಕ್ಷಿಗೆ ಕರೀತೀರಿ? ನಾನಂತೂ ಇರೋದಿಲ್ಲ" ಅಂದಳು. "ಹಾಗಾದರೆ ಅಜ್ಜೀ, ಕಟ್ಟೆ ಕಟ್ಟಲಿ ಅನ್ನುವಿರೋ?" ಎಂದು ಕೇಳಿದೆವು. "ಬರೀ ಕಟ್ಟೆ ಕಟ್ಟಿದರೆ ಅರಿಸಿನ ಕುಂಕುಮ ಹಚ್ಚಿ ದೇವರು ಮಾಡಿಬಿಡ್ತಾರೆ" ಎಂದು ಆಕೆ ತಲೆಯಾಡಿಸಿದಳು. ನಮಗೆ ಉತ್ತರ ತೋಚಲಿಲ್ಲ. ಅವಸರದಿಂದ ಆಡಿದ ಮಾತು ನಮ್ಮನ್ನೇ ಚುಚ್ಚಿತು.

ಆ ದಿನದಿಂದ ಈ ವಿಷಯವನ್ನು ಯೋಚಿಸುತ್ತಾ ಇದ್ದೇವೆ. ದೂರದ ಅಮೇರಿಕ ದೇಶದಲ್ಲಿ ಒಂದು ಪಟ್ಟಣದ ಎಲ್ಲೆಯನ್ನು ಗುರುತಿಸುವದಕ್ಕೆ ನೆಟ್ಟ ನಾಲ್ವತ್ತು ಕಲ್ಲುಗಳ ಚರಿತ್ರೆಯು ನಮ್ಮ ಯೋಚನೆಗೆ ಬಹಳ ಸಹಾಯವಾಯಿತು. ಅಲ್ಲಿಯೂ ಕಲ್ಲು, ಅಲ್ಲಿಯೂ ಅವಮಾನ, ಅಲ್ಲಿಯೂ ಕಾಪಾಡುವವರು ಇದ್ದರು. ಆ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ವಾಚಕರು ನಮ್ಮ ಸಂಗಡ ತೀರ್ಪುಮಾಡಲಿ.

ಅಮೇರಿಕದವರು 1776ರಲ್ಲಿ ಇಂಗ್ಲೆಂಡಿನ ದೊರೆತನವನ್ನು ತಳ್ಳಿಬಿಟ್ಟು ಸ್ವತಂತ್ರರೆಂದು ಸಾರಿದ ಮೇಲೆ, ರಾಜಧಾನಿಯು ಯಾವ ಸಂಸ್ಥಾನದಲ್ಲಿರಬೇಕೆಂಬ ವಿಷಯದಲ್ಲಿ ದೊಡ್ಡ ವಾದವೆದ್ದಿತು. ಒಂದು ಸಂಸ್ಥಾನಕ್ಕೆ ಕೊಟ್ಟರೆ ಮತ್ತೊಂದಕ್ಕೆ ಹೊಟ್ಟೆಯುರಿ. ಕೊನೆಗೆ 1790ರ ಜುಲೈ 16ರಲ್ಲಿ ಒಂದು ಕಾಯಿದೆಯಾಗಿ, ಪೊಟೊಮ್ಯಾಕ್ ಎಂಬ ನದಿಯ ದಡದಲ್ಲಿ ಹತ್ತು ಮೈಲು ಚೌಕಕ್ಕೆ ಮೀರದ ಭೂಮಿಯು ಯಾವ ಸಂಸ್ಥಾನಕ್ಕೂ ಸೇರದೆ ಎಲ್ಲರಿಗೂ ಸೇರಿದ ರಾಜಧಾನಿಯಾಗಬೇಕೆಂದು ಗೊತ್ತಾಯಿತು. ನದಿಯ ಒಂದು ಕಡೆಯ ಭೂಮಿಯನ್ನು ಮೇರಿಲ್ಯಾಂಡ್ ಸಂಸ್ಥಾನವೂ ಇನ್ನೊಂದು ಕಡೆಯದನ್ನು ವರ್ಜೀನಿಯಾ ಸಂಸ್ಥಾನವೂ ಬಿಟ್ಟುಕೊಟ್ಟವು. ಇದೇ ವಾಶಿಂಗ್ಟನ್ ಪಟ್ಟಣವಿರುವ ಕೊಲಂಬಿಯಾ ಜಿಲ್ಲೆ.

ಆ ಭೂಮಿಯನ್ನು ಅಳೆಯುವ ಕೆಲಸವು ಆಂಡ್ರೂ ಎಲಿಕಟ್ ಎಂಬ ಮೋಜಣಿದಾರನಿಗೆ ಒಪ್ಪಿಸಲ್ಪಟ್ಟಿತು. ಅವನ ಜನರು ಕಾಡನ್ನು ನಾಲ್ವತ್ತು ಅಡಿ ಅಗಲಕ್ಕೆ ಕಡಿದು, ಒಂದೊಂದು ಮೈಲಿಗೆ ಒಂದೊಂದರಂತೆ ನಾಲ್ಕು ಮೂಲೆಗಲ್ಲುಗಳನ್ನೂ ನಡುವೆ ಮೂವತ್ತಾರು ಕಲ್ಲುಗಳನ್ನೂ ನೆಟ್ಟರು. ಅವು ಮರಳುಗಲ್ಲುಗಳು. ನಡುವಣ ಕಲ್ಲುಗಳು ಒಂದು ಅಡಿ ಚೌಕವಾಗಿ ನೆಲದ ಮೇಲೆ ಸುಮಾರು ಎರಡು ಅಡಿ ಎತ್ತರ ನಿಲ್ಲುವಂಥವುಗಳು. ಒಂದು ಮುಖದ ಮೇಲೆ, ಇದು ಸಂಯುಕ್ತ ಸಂಸ್ಥಾನಗಳ ಅಧಿಕಾರಕ್ಕೆ ಒಳಪಟ್ಟದ್ದು ಎಂಬ ಅರ್ಥದ ಮಾತು. ಅದರ ಹಿಂಬದಿಯಲ್ಲಿ ಪಕ್ಕದ ಸಂಸ್ಥಾನದ ಹೆಸರು. ಮೂರನೇ ಮುಖದಲ್ಲಿ ವರುಷ, ಅಂದರೆ ವರ್ಜೀನಿಯಾದ ಕಡೆಯವುಗಳ ಮೇಲೆ 1791, ಮೇರಿಲ್ಯಾಂಡಿನ ಕಡೆಯವುಗಳ ಮೇಲೆ 1792. ನಾಲ್ಕನೇ ಮುಖದಲ್ಲಿ ದಿಕ್ಸೂಚಿಯ ಸೂಜಿಯು ಆ ಸ್ಥಳದಲ್ಲಿ ನಿಜವಾದ ಉತ್ತರ ದಿಕ್ಕಿನಿಂದ ಎಷ್ಟು ಓರೆಯಾಗಿ ನಿಲ್ಲುತ್ತದೆಂಬ ಲೆಕ್ಕ. ಈ ನಾಲ್ಕನೇ ಮುಖವನ್ನು ವಾಚಕರು ನೆನಪಿನಲ್ಲಿಡಲಿ. ಮುಂದೆ ಅದರ ಮಾತು ಬರುವದು.

ಮೊದಲನೇ ಕಲ್ಲು 1791ರ ಎಪ್ರಿಲ್ 15ರಲ್ಲಿ ಜೋನ್ಸ್ ಪಾಯಿಂಟ್ ಎಂಬ ನದೀತೀರದ ಮೂಲೆಯಲ್ಲಿ ಇಡಲ್ಪಟ್ಟಿತು. ಕಲ್ಲಿನ ಮೇಲೆ ಧಾನ್ಯವನ್ನೂ ದ್ರಾಕ್ಷಾರಸವನ್ನೂ ಎಣ್ಣೆಯನ್ನೂ ಇಟ್ಟರು. ಜೇಮ್ಸ್ ಮ್ಯೂರ್ ಎಂಬ ಬೋಧಕನು ಅಲ್ಲಿ ನಿಂತು ಮಾತಾಡಿ, ಹೊಟ್ಟೆಕಿಚ್ಚು ಈ ಕಲ್ಲಿನ ಕೆಳಗೆ ಆಳವಾಗಿ ಹೂಣಲ್ಪಟ್ಟು ತಿರಿಗಿ ಏಳದಿರಲಿ ಎಂಬ ಆಶೆಯನ್ನು ತಿಳಿಸಿದನು. ಒಳ್ಳೇ ಆಶೆಯೇ. ಆದರೆ ಆ ಕಲ್ಲಿನ ಕೆಳಗೆ ಹೂಣಲ್ಪಡದೆ ಮೇಲೆಯೇ ಉಳಿದ ಪಾಪವೊಂದಿತ್ತು. ಅದು ಗುಲಾಮತನ. ಗೆರೆಯ ಎರಡು ಪಕ್ಕಗಳಲ್ಲಿಯೂ ಆಫ್ರಿಕದಿಂದ ತರಲ್ಪಟ್ಟವರ ಮಕ್ಕಳು ದನಗಳಂತೆ ಕೊಳ್ಳಲ್ಪಡುತ್ತಲೂ ಮಾರಲ್ಪಡುತ್ತಲೂ ಇದ್ದರು.

ಇದರಲ್ಲಿ ಆಶ್ಚರ್ಯವಾದ ಸಂಗತಿ ಏನಂದರೆ, ಆ ಮೊದಲನೇ ಕಲ್ಲಿನ ಸ್ಥಳವನ್ನು ಗೊತ್ತುಮಾಡಲಿಕ್ಕೆ ನಕ್ಷತ್ರಗಳನ್ನು ನೋಡಿ ಲೆಕ್ಕಹಾಕಿದವರಲ್ಲಿ ಬೆಂಜಮಿನ್ ಬ್ಯಾನಕರ್ ಎಂಬ ಒಬ್ಬ ಕಪ್ಪುಮನುಷ್ಯನಿದ್ದನು. ಅವನು 1731ರಲ್ಲಿ ಸ್ವತಂತ್ರನಾಗಿಯೇ ಹುಟ್ಟಿ, ಮೇರಿಲ್ಯಾಂಡಿನಲ್ಲಿ ಹೊಗೆಸೊಪ್ಪಿನ ಬೇಸಾಯ ಮಾಡುತ್ತಾ, ಪ್ರಾಯದಲ್ಲಿ ಮರದಿಂದಲೇ ಒಂದು ಗಡಿಯಾರವನ್ನು ಮಾಡಿದ್ದನು. ನೆರೆಯವನೊಬ್ಬನು ಎರವಲು ಕೊಟ್ಟ ಪುಸ್ತಕಗಳಿಂದ ಖಗೋಳಶಾಸ್ತ್ರವನ್ನು ತಾನೇ ಕಲಿತುಕೊಂಡನು. ಸುಮಾರು ಅರುವತ್ತು ವರುಷದವನಾಗಿ 1791ರಲ್ಲಿ ಎಲಿಕಟನ ಸಂಗಡ ಬಂದು, ಚಳಿಗಾಲದ ರಾತ್ರಿಗಳಲ್ಲಿ ಡೇರೆಯಲ್ಲಿದ್ದು ಗಡಿಯಾರವನ್ನೂ ನಕ್ಷತ್ರಗಳನ್ನೂ ನೋಡಿಕೊಂಡನು. ಕೆಲವು ತಿಂಗಳ ಮೇಲೆ ಮನೆಗೆ ಹೋಗಿ ತನ್ನ ಪಂಚಾಂಗವನ್ನು ಸಿದ್ಧಮಾಡಿದನು.

ಅದೇ ವರುಷ ಆಗಸ್ಟ್ 19ರಲ್ಲಿ ಅವನು ಆ ಪಂಚಾಂಗದ ಕೈಬರಹದ ಪ್ರತಿಯೊಂದಿಗೆ, ಆಗ ಮಂತ್ರಿಪದದಲ್ಲಿದ್ದ ಥಾಮಸ್ ಜೆಫರ್ಸನನಿಗೆ ಒಂದು ಕಾಗದವನ್ನು ಬರೆದನು. ಮನುಷ್ಯರೆಲ್ಲರೂ ಸಮಾನರಾಗಿ ಉಂಟುಮಾಡಲ್ಪಟ್ಟವರೆಂದು 1776ರಲ್ಲಿ ದೇಶದ ಹೆಸರಿನಲ್ಲಿ ಬರೆದವನು ಆ ಜೆಫರ್ಸನನೇ. ನೂರಾರು ಮಂದಿ ಗುಲಾಮರನ್ನು ಇಟ್ಟುಕೊಂಡಿದ್ದವನೂ ಅವನೇ. ಹಾಗೆ ಬರೆದ ಕೈಯೇ ನಮ್ಮ ಸಹೋದರರನ್ನು ಬಲಾತ್ಕಾರದಿಂದ ಹಿಡಿದಿಟ್ಟಿರುವದು ಹೇಗೆ ಎಂದು ಬ್ಯಾನಕರನು ವಿನಯವಾಗಿಯೂ ಅಂಜದೆಯೂ ಕೇಳಿದನು. ಜೆಫರ್ಸನನು ಆಗಸ್ಟ್ 30ರಲ್ಲಿ ಮರ್ಯಾದೆಯ ಉತ್ತರವನ್ನು ಕೊಟ್ಟನು. ಆದರೆ ತನ್ನ ಗುಲಾಮರನ್ನು ಬಿಡಲಿಲ್ಲ. ಭೂಮಿಯ ಮೇಲಣ ಗೆರೆಗೆ ಆಕಾಶದ ನಕ್ಷತ್ರಗಳಿಂದ ಸ್ಥಳ ಹುಡುಕಿದವನು, ಮನಸ್ಸಾಕ್ಷಿಯ ಗೆರೆಯು ಎಲ್ಲಿ ತಪ್ಪಿತೆಂಬದನ್ನೂ ಹೀಗೆ ಬೊಟ್ಟುಮಾಡಿ ತೋರಿಸಿದನು.

ಮುಂದೆ ಏನಾಯಿತು? ವರ್ಜೀನಿಯಾದ ಕಡೆಯಲ್ಲಿದ್ದ ಅಲೆಕ್ಸಾಂಡ್ರಿಯ ಪಟ್ಟಣದವರಿಗೆ ರಾಜಧಾನಿಯ ಜಿಲ್ಲೆಯಲ್ಲಿರುವದರಿಂದ ತಕ್ಕ ಲಾಭ ಕಾಣಲಿಲ್ಲ. ಅದಲ್ಲದೆ ಜಿಲ್ಲೆಯಲ್ಲಿ ಗುಲಾಮರ ವ್ಯಾಪಾರವು ಇಂದಲ್ಲ ನಾಳೆ ನಿಷೇಧಿಸಲ್ಪಡುವದೆಂಬ ಭಯವೂ ವ್ಯಾಪಾರಿಗಳಿಗಿತ್ತು. ಆದದರಿಂದ 1846ರಲ್ಲಿ ಒಂದು ಕಾಯಿದೆಯಾಗಿ, ಮತವೆತ್ತಿ, ಮರುವರುಷ ಆ ಭಾಗವು ತಿರಿಗಿ ವರ್ಜೀನಿಯಾಕ್ಕೆ ಸೇರಿತು. ಮತ ಕೊಟ್ಟವರು ಬಿಳಿಯ ಗಂಡಸರು ಮಾತ್ರ. ಆ ಕಡೆಯಲ್ಲಿದ್ದ ಕಪ್ಪುಜನರನ್ನು ಯಾರೂ ಕೇಳಲಿಲ್ಲ. ಅವರ ಪಾಠಶಾಲೆಗಳು ಮುಚ್ಚಿಹೋದವು. 1850ರಲ್ಲಿ ಉಳಿದ ಜಿಲ್ಲೆಯೊಳಗೆ ಗುಲಾಮರ ವ್ಯಾಪಾರವು ನಿಷೇಧಿಸಲ್ಪಟ್ಟಾಗ, ನದಿಯಾಚೆಯ ಅಲೆಕ್ಸಾಂಡ್ರಿಯದಲ್ಲಿ ಅದು ನಿರಾತಂಕವಾಗಿ ನಡೆಯಿತು.

ಇನ್ನೂ ಕಠಿಣವಾದ ಸಂಗತಿಯನ್ನು ಕೇಳಿರಿ. 1862ರ ಎಪ್ರಿಲ್ 16ರಲ್ಲಿ ಕೊಲಂಬಿಯಾ ಜಿಲ್ಲೆಯ ಗುಲಾಮರೆಲ್ಲರೂ ಬಿಡುಗಡೆಯಾದರು. ಅವರು ಸುಮಾರು 3,100 ಮಂದಿ. ಆದರೆ ಮೇರಿಲ್ಯಾಂಡಿನಲ್ಲಿ ಗುಲಾಮತನವು ಮುಗಿದದ್ದು 1864ರ ನವೆಂಬರ್ 1ರಲ್ಲಿ. ಈ ಎರಡೂವರೆ ವರುಷ ಆ ಮರಳುಗಲ್ಲಿನ ಒಂದು ಮುಖದ ಕಡೆಯಲ್ಲಿ ನಿಂತ ತಾಯಿಯು ಸ್ವತಂತ್ರಳು. ಹಿಂಬದಿಯಲ್ಲಿ ನಿಂತ ಅವಳ ತಂಗಿಯು ಒಬ್ಬನ ಸೊತ್ತು. ಇಬ್ಬರ ನಡುವೆ ಒಂದು ಅಡಿ ದಪ್ಪದ ಕಲ್ಲು. ಎಷ್ಟೋ ಜನರು ರಾತ್ರಿಯಲ್ಲಿ ಆ ಗೆರೆಯನ್ನು ದಾಟಿ ಓಡಿಬಂದರು. ಓಡಿಬಂದವರನ್ನು ಹಿಡಿದೊಪ್ಪಿಸುವ ಕಾಯಿದೆಯು 1864ರ ವರೆಗೂ ರದ್ದಾಗಲಿಲ್ಲ.

ಇಲ್ಲಿ ನಿಂತು ವಿಚಾರಿಸೋಣ. ಈ ಅನ್ಯಾಯವನ್ನು ಮಾಡಿದ್ದು ಕಲ್ಲೋ? ಅಲ್ಲ. ಯಾರ ಅಧಿಕಾರವು ಎಲ್ಲಿಯ ತನಕ ಎಂಬದನ್ನು ಮಾತ್ರ ಕಲ್ಲು ಹೇಳಿತು. ನನ್ನ ನೆರೆಯವನು ಯಾರು ಎಂಬದನ್ನು ಅದು ಹೇಳಲಿಲ್ಲ, ಹೇಳಲಾರದು. ಅಧಿಕಾರಕ್ಕೆ ಎಲ್ಲೆ ಇರುವದು ನ್ಯಾಯವೇ. ಎಲ್ಲೆ ಇಲ್ಲದ ಅಧಿಕಾರವು ಹೊಳೆಯ ಮಹಾಪೂರದಂತೆ ಎಲ್ಲರ ಹೊಲಗಳನ್ನೂ ಕೊಚ್ಚುವದು. ಆದರೆ ಅಧಿಕಾರದ ಎಲ್ಲೆಯನ್ನು ಕರುಣೆಯ ಎಲ್ಲೆಯಾಗಿ ಮಾಡಿಕೊಂಡವರು ಮನುಷ್ಯರು. ಅದು ನಮ್ಮ ಕಾಯಿದೆಗೆ ಸೇರಿದ ಭೂಮಿಯಲ್ಲ ಎಂದು ಹೇಳುವ ನಾಲಿಗೆಯು ಸ್ವಲ್ಪ ಸ್ವಲ್ಪವಾಗಿ, ಅವನು ನಮ್ಮ ಚಿಂತೆಗೆ ಸೇರಿದ ಮನುಷ್ಯನಲ್ಲ ಎಂದು ಹೇಳಲು ಕಲಿಯುತ್ತದೆ.

ಎರಡನೇದಾಗಿ, ಗಡಿಯನ್ನು ಬದಲಾಯಿಸುವದು ಬೇರೆ, ಗಡಿಕಲ್ಲನ್ನು ಕದಲಿಸುವದು ಬೇರೆ. 1846ರಲ್ಲಿ ಗೆರೆಯು ಬದಲಾಯಿತು. ಆದರೆ ಆ ಗೆರೆಯ ಹದಿನಾಲ್ಕು ಕಲ್ಲುಗಳನ್ನು ಕಾಯಿದೆಯು ಕೀಳಿಸಲಿಲ್ಲ. ಜಿಲ್ಲೆಯ ಎಲ್ಲೆ ಅಲ್ಲದೆ ಹೋದ ಮೇಲೆಯೂ ಅವು, ಇಲ್ಲಿಯ ತನಕ ಒಂದು ಕಾಲದಲ್ಲಿ ಹೀಗಿತ್ತು ಎಂದು ಹೇಳುತ್ತಾ ನಿಂತವು. ಹಗಲಿನಲ್ಲಿ, ಎಲ್ಲರ ಮುಂದೆ, ಎಲ್ಲರನ್ನೂ ಕೇಳಿ ಗೆರೆಯನ್ನು ಬದಲಾಯಿಸಬಹುದು. ಎಲ್ಲರನ್ನೂ ಕೇಳದೆ ಬದಲಾಯಿಸಿದರೆ ಆ ತಪ್ಪಿಗೂ ನಿಂತ ಕಲ್ಲೇ ಸಾಕ್ಷಿ. ರಾತ್ರಿಯಲ್ಲಿ ಕಲ್ಲನ್ನು ಸರಿಸುವವನಾದರೋ ಬರೇ ಭೂಮಿಯನ್ನು ಕದಿಯುವವನಲ್ಲ, ಸಾಕ್ಷಿಯ ಬಾಯನ್ನೇ ಮುಚ್ಚುವವನು. ಶಾಪವು ಅವನ ಮೇಲೆ ಇರುವದು ಇದಕ್ಕಾಗಿಯೇ ಎಂದು ನಮಗೆ ತೋಚುತ್ತದೆ.

ಹಾಗಾದರೆ ಕಾಪಾಡಿದರೆ ಸಾಕೋ? ಇದರಲ್ಲಿಯೂ ಆ ಕಲ್ಲುಗಳ ಚರಿತ್ರೆ ನಮಗೆ ಎಚ್ಚರಿಕೆಯನ್ನು ಕೊಡುತ್ತದೆ. ನೂರು ವರುಷಗಳಲ್ಲಿ ಅನೇಕ ಕಲ್ಲುಗಳು ಸವೆದವು, ಮುರಿದವು, ಮಣ್ಣಿನಲ್ಲಿ ಹೂತವು. 1915ರಿಂದ ಅಮೇರಿಕದ ಕ್ರಾಂತಿಯ ಪುತ್ರಿಯರು ಎಂಬ ಸ್ತ್ರೀಯರ ಸಂಘದವರು ಅವುಗಳನ್ನು ಹುಡುಕಿ, ಒಂದೊಂದರ ಸುತ್ತಲೂ ಕಬ್ಬಿಣದ ಸರಳುಗಳ ಬೇಲಿಯನ್ನು ಹಾಕಿಸತೊಡಗಿದರು. ಆ ಬೇಲಿಗಳ ದೆಸೆಯಿಂದಲೇ ಎಷ್ಟೋ ಕಲ್ಲುಗಳು ಇಂದಿನ ವರೆಗೂ ಉಳಿದಿವೆ. ಇದು ಹೊಗಳತಕ್ಕ ಕೆಲಸವೇ. ಆದರೆ ಅದೇ ಸಂಘದವರು 1939ರಲ್ಲಿ, ಲೋಕಪ್ರಸಿದ್ಧಳಾದ ಮರಿಯನ್ ಆ್ಯಂಡರ್ಸನ್ ಎಂಬ ಗಾಯಕಿಗೆ, ಆಕೆ ಕಪ್ಪುಹೆಂಗಸಾದದರಿಂದ, ವಾಶಿಂಗ್ಟನಿನ ತಮ್ಮ ಸಭಾಮಂದಿರದಲ್ಲಿ ಹಾಡಲಿಕ್ಕೆ ಸ್ಥಳ ಕೊಡಲಿಲ್ಲ. ಆಕೆ ಎಪ್ರಿಲ್ 9ರಲ್ಲಿ ಲಿಂಕನನ ಸ್ಮಾರಕದ ಮೆಟ್ಟಲುಗಳ ಮೇಲೆ ಬೈಲಿನಲ್ಲಿ ನಿಂತು, ಸುಮಾರು 75,000 ಜನರ ಮುಂದೆ ಹಾಡಿದಳು. 1943ರಲ್ಲಿ ಅದೇ ಮಂದಿರದ ಬಾಗಿಲು ಆಕೆಗೆ ತೆರೆಯಿತು. ಕಲ್ಲಿಗೆ ಬೇಲಿ ಹಾಕಿದ ಕೈಯೇ ಮನುಷ್ಯರ ನಡುವೆಯೂ ಬೇಲಿ ಹಾಕಿತು! ಪಿತೃಗಳ ಕಲ್ಲನ್ನು ಕಾಪಾಡುವದರಲ್ಲಿ ಪಿತೃಗಳ ತಪ್ಪನ್ನೂ ಕಾಪಾಡುವ ಅಪಾಯವಿದೆ ಎಂಬದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕೋ?

ಇದನ್ನು ನಾವು ಪರದೇಶದವರನ್ನು ಹಳಿಯುವದಕ್ಕೆ ಬರೆಯುವದಿಲ್ಲ. ನಮ್ಮಲ್ಲಿಯೂ ಹಳೇ ದೇವಾಲಯದ ಹಂಚನ್ನು ಜೋಪಾನವಾಗಿ ನೋಡಿಕೊಂಡು, ಅದರೊಳಗೆ ಕೇರಿಗೊಂದು ಸಾಲು, ಕುಲಕ್ಕೊಂದು ಸಾಲು ಎಂದು ಕೂಡ್ರಿಸುವವರು ಇಲ್ಲವೋ? ಆ ಸಾಲುಗಳ ನಡುವೆ ಯಾರೂ ಕಲ್ಲು ನೆಟ್ಟಿಲ್ಲ. ಆದರೂ ಎಲ್ಲರಿಗೂ ಗೊತ್ತಿದೆ. ಕಣ್ಣಿಗೆ ಕಾಣುವ ಕಲ್ಲಾದರೆ ಒಂದು ದಿನ ನ್ಯಾಯಕ್ಕೆ ಎಳೆಯಬಹುದು. ಕಾಣದ ಎಲ್ಲೆಗಳಿಗೆ ಸಾಕ್ಷಿ ಯಾರು?

ಆದದರಿಂದ ಈಗ ಆ ನಾಲ್ಕನೇ ಮುಖದ ಮಾತಿಗೆ ಬರೋಣ. ದಿಕ್ಸೂಚಿಯ ಸೂಜಿಯು ನಿಜವಾದ ಉತ್ತರಕ್ಕೆ ಸರಿಯಾಗಿ ನಿಲ್ಲುವದಿಲ್ಲ. ಸ್ಥಳಸ್ಥಳಕ್ಕೂ ಕಾಲಕಾಲಕ್ಕೂ ಸ್ವಲ್ಪ ಓರೆಯಾಗುತ್ತದೆ. ಆ ಮೋಜಣಿದಾರರು ಇದನ್ನು ಬಲ್ಲವರಾಗಿದ್ದು, ನಕ್ಷತ್ರಗಳಿಗೆ ಹೋಲಿಸಿ, ಸೂಜಿಯ ಓರೆ ಎಷ್ಟೆಂಬದನ್ನು ಮುಚ್ಚದೆ ಕಲ್ಲಿನ ಮೇಲೆಯೇ ಕೆತ್ತಿಸಿದರು. ಮುಂದೆ ಬಂದು ಅಳೆಯುವವನು ಮೋಸಹೋಗಬಾರದೆಂಬದೇ ಅವರ ಉದ್ದೇಶ. ಸೂಜಿಯ ಓರೆಯನ್ನು ಕೆತ್ತಿದ ಆ ದೇಶವು ತನ್ನ ಮನಸ್ಸಾಕ್ಷಿಯ ಓರೆಯನ್ನು ಕೆತ್ತಲಿಲ್ಲ. ಅದನ್ನು ಒಪ್ಪಿಕೊಳ್ಳಲಿಕ್ಕೆ ಬಹಳ ಕಾಲ ಹಿಡಿಯಿತು. 1976ರಲ್ಲಿ ನೈರುತ್ಯ ಭಾಗದ ಒಂಭತ್ತನೇ ಕಲ್ಲು ಬ್ಯಾನಕರನ ಹೆಸರಿನಿಂದ ರಾಷ್ಟ್ರೀಯ ಚಾರಿತ್ರಿಕ ಸ್ಮಾರಕವೆಂದು ಗೊತ್ತುಮಾಡಲ್ಪಟ್ಟಿತು. ವರ್ಜೀನಿಯಾದ ಆರ್ಲಿಂಗ್ಟನ್ ಸೀಮೆಯ ಅಂಚಿನಲ್ಲಿ ಅದು ಇಂದಿಗೂ ಬೇಲಿಯೊಳಗಿದೆ. ಒಮ್ಮೆ ಯಾರ ಜನರ ಬಿಡುಗಡೆಗೆ ಅಡ್ಡವಾಗಿತ್ತೋ ಆ ಗೆರೆಯ ಕಲ್ಲಿಗೆ ಅವರಲ್ಲೊಬ್ಬನ ಹೆಸರು ಬಂತು. ಇದರಿಂದ ಸತ್ತ ಗುಲಾಮರ ಕಣ್ಣೀರು ತಿರಿಗಿ ಒರಸಲ್ಪಡಲಿಲ್ಲ. ಆದರೆ ಸಾಕ್ಷಿಯು ಒಂದು ಮಾತು ಹೆಚ್ಚು ಆಡಿತು.

ನಮ್ಮ ಹಳ್ಳಿಯ ಕಲ್ಲಿಗೆ ತಿರಿಗಿ ಬರುತ್ತೇವೆ. ನಾವು ಆಡಿದ ಮೊದಲನೇ ಮಾತನ್ನು ಹಿಂತೆಗೆದುಕೊಂಡಿದ್ದೇವೆ. ಆ ಕಲ್ಲನ್ನು ಒಡೆಯಬಾರದೆಂದು ಈಗ ಹೇಳುತ್ತೇವೆ. ಯಾಕಂದರೆ ಒಡೆಯುವದರಿಂದ ಸಂತೋಷಪಡುವವರು ನೊಂದವರ ಮಕ್ಕಳು ಮಾತ್ರವಲ್ಲ. ನೋಯಿಸಿದವರ ಮಕ್ಕಳೂ ಒಳಗಿಂದೊಳಗೆ ಸಂತೋಷಪಡುವರು, ಲೆಕ್ಕದ ಪುಸ್ತಕವು ಸುಟ್ಟುಹೋದರೆ ಸಾಲಗಾರನು ಸಂತೋಷಪಡುವ ಹಾಗೆ. ಆದರೆ ಹೂವಿನ ಕಟ್ಟೆಯನ್ನೂ ಕಟ್ಟಬಾರದು, ಅರಿಸಿನವನ್ನೂ ಹಚ್ಚಬಾರದು. ಪುರಾತನದ ಊರಗಡಿ ಎಂಬ ಅರ್ಧ ಸತ್ಯವನ್ನು ಬರೆದು ಬಿಡಬಾರದು. ಅರ್ಧ ಮಾತಾಡುವ ಸಾಕ್ಷಿಗಿಂತ ಮೂಕ ಸಾಕ್ಷಿಯೇ ಲೇಸು. ಕಲ್ಲು ಇದ್ದಲ್ಲಿಯೇ ಇರಲಿ. ಅದರ ಪಕ್ಕದಲ್ಲಿ, ಇಲ್ಲಿ ಈ ಊರಿನ ಒಂದು ಪಾಲು ಜನರು ಕೆರವನ್ನು ಕಳಚಿ ಬರಬೇಕಾಗಿತ್ತು, ಆ ಪದ್ಧತಿಯು ತಪ್ಪಾಗಿತ್ತು, ಈಗ ನಿಂತಿದೆ ಎಂದು ಊರವರೂ ಕೇರಿಯವರೂ ಕೂಡಿ ಬರೆಯಿಸಲಿ. ನಮ್ಮ ಸೂಜಿ ಇಷ್ಟು ಓರೆಯಾಗಿತ್ತು ಎಂದು ಕೆತ್ತಿಸುವದು ಅಂದರೆ ಇದೇ.

ಯೌವನಸ್ಥರು ಇದಕ್ಕೆ ಇನ್ನೂ ಒಪ್ಪಲಿಲ್ಲ. ಪ್ರತಿದಿನ ಆ ಕಲ್ಲನ್ನು ನೋಡುತ್ತಾ ಹೋಗುವ ಭಾರವು ನಿಮಗಲ್ಲ, ನಮಗೆ ಎಂದು ಅವರು ಹೇಳಿದ ಮಾತು ನ್ಯಾಯವಾದದ್ದು. ಅವರನ್ನು ನಾವು ಗದರಿಸಲಾರೆವು. ಊರ ಹಿರಿಯರೂ ತಪ್ಪಾಗಿತ್ತು ಎಂಬ ಒಂದು ಶಬ್ದವನ್ನು ಬಿಟ್ಟರೆ ಮಿಕ್ಕದ್ದಕ್ಕೆಲ್ಲಾ ಸಿದ್ಧರಿದ್ದಾರೆ. ಆ ಒಂದು ಶಬ್ದಕ್ಕಾಗಿಯೇ ಕೆಲಸ ನಿಂತಿದೆ. ಅದನ್ನು ಕೆತ್ತುವದು ಕಲ್ಲುಕುಟಿಗನಿಗೆ ಅರ್ಧ ಗಳಿಗೆಯ ಕೆಲಸ. ಹೇಳುವದು ಮನುಷ್ಯನಿಗೆ ಎಷ್ಟೋ ತಲೆಮಾರುಗಳ ಕೆಲಸ.

ಪ್ರಿಯ ವಾಚಕರೇ, ನಿಮ್ಮ ಊರಿನಲ್ಲಿಯೂ ಅಂಥಾ ಕಲ್ಲೊಂದು ಇರಬಹುದು. ಅದನ್ನು ಸುತ್ತಿಗೆಯಿಂದ ಮುಟ್ಟುವ ಮೊದಲು, ಹೂವಿನಿಂದ ಮುಟ್ಟುವ ಮೊದಲು, ಅದರ ಬಳಿಯಲ್ಲಿ ಬೊಗ್ಗಿದವರು ಇನ್ನೂ ಯಾರಾದರೂ ಬದುಕಿದ್ದರೆ ಅವರ ಬಳಿಯಲ್ಲಿ ಕೂತು ಕೇಳಿರಿ. ಅವರು ಹೇಳುವದನ್ನು ಬರೆದಿಡಿರಿ. ಆ ಮುದುಕಿಯು ಇನ್ನೂ ಇದ್ದಾಳೆ; ಬರುವ ವಾರ ಆಕೆಯ ಮಾತನ್ನು ಬರೆದುಕೊಳ್ಳಲಿಕ್ಕೆ ನಾವು ಹೋಗುತ್ತೇವೆ.